ಮೈಗೆ ವೈದ್ಯ, ಮನಸ್ಸಿಗೆ ಮೌನವೇ?

ಒಂದೊಂದು ನಗರದಲ್ಲಿ ಒಂದೊಂದು ಸ್ಥಳದ ಹೆಸರು ಕುಚೋದ್ಯಕ್ಕೆ ಮೀಸಲಾಗಿದೆ. ಮುಂಬಯಿಯಲ್ಲಿ ಯಾರಾದರೂ ಎಡಬಿಡಂಗಿಯಾಗಿ ಮಾತನಾಡಿದರೆ “ಇವನನ್ನು ಠಾಣೆಗೆ ಕಳುಹಿಸಬೇಕು” ಎನ್ನುವುದುಂಟು. ಪುಣೆಯವರಿಗೆ ಯರವಡಾ, ಚೆನ್ನೈಯವರಿಗೆ ಕಿಲ್ಪಾಕ್, ಹೈದರಾಬಾದಿನವರಿಗೆ ಎರ್ರಗಡ್ಡ, ದಿಲ್ಲಿಯವರಿಗೆ ಆಗ್ರಾ, ನಮ್ಮ ಬೆಂಗಳೂರಿನವರಿಗೆ ನಿಮ್ಹಾನ್ಸ್. ಇವೆಲ್ಲವೂ ಮನೋರೋಗಿಗಳ ಆಸ್ಪತ್ರೆಗಳಿರುವ ಅಥವಾ ಅದಕ್ಕಾಗಿಯೇ ಹೆಸರಾದ ಸ್ಥಳಗಳು. ಹೃದ್ರೋಗದ ಆಸ್ಪತ್ರೆಯ ಹೆಸರನ್ನು ಹೇಳಿ ನಗುವವರನ್ನು, ಕ್ಷಯರೋಗದ ಆಸ್ಪತ್ರೆಯ ಹೆಸರನ್ನು ಹೇಳಿ ಗೆಳೆಯನನ್ನು ಛೇಡಿಸುವವರನ್ನು ನಾವು ಕಂಡಿಲ್ಲ. ಮನಸ್ಸಿನ ಕಾಯಿಲೆಯೊಂದೇ ಏಕೆ ನಗೆಯ ವಸ್ತುವಾಯಿತು?

ಈ ನಗೆ ನಿರಪಾಯಕರವಾದುದೆಂದು ಯಾರೂ ಭಾವಿಸಬಾರದು. ಗಲ್ಲಾದ ಬಳಿ, ಅಡಿಗೆಮನೆಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ ಈ ಮಾತನ್ನು ಕೇಳುತ್ತ ಕುಳಿತವರಲ್ಲಿ ಒಬ್ಬನು ಹದಿನೈದು ದಿವಸಗಳಿಂದ ನಿದ್ರೆಯಿಲ್ಲದೆ ನರಳುತ್ತಿರಬಹುದು. ಆ ನಗೆಯನ್ನು ಕೇಳಿದ ಮೇಲೆ ಅವನು ತನ್ನ ಸಂಕಟವನ್ನು ಯಾರೊಡನೆ ಹೇಳಿಕೊಂಡಾನು? ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಕಾಫಿಪುಡಿಯ ಡಬ್ಬಿಯ ಪಕ್ಕದಲ್ಲಿಯೇ ಇರುತ್ತದೆ, ಬಂದ ನೆಂಟರೂ ಅದನ್ನು ನೋಡಿ “ನಿಮಗೂ ಇದೆಯೇ? ನನಗೂ ಇದೆ” ಎಂದು ಹರಟುತ್ತಾರೆ. ಮನಸ್ಸಿನ ಕಾಯಿಲೆಯ ಗುಳಿಗೆಯಾದರೋ ಟ್ರಂಕಿನ ತಳದಲ್ಲಿ, ಸೀರೆಗಳ ಮಡಿಕೆಯ ನಡುವೆ ಅಡಗಿರುತ್ತದೆ. ಗುಳಿಗೆಯೊಂದಿಗೆ ಕಾಯಿಲೆಯೂ, ಕಾಯಿಲೆಯೊಂದಿಗೆ ಮನುಷ್ಯನೂ ಅಡಗುತ್ತಾನೆ.

ಇದು ಎಲ್ಲೋ ಒಬ್ಬಿಬ್ಬರ ಮನೆಯ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ವೇಳೆಯಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತೆಂದು ಕಂಡುಬಂದಿತು. ದೊಡ್ಡ ನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅದಕ್ಕಿಂತಲೂ ಯೋಚಿಸತಕ್ಕ ಅಂಶವೆಂದರೆ, ಚಿಕಿತ್ಸೆ ಬೇಕಾದವರಲ್ಲಿ ಅದನ್ನು ಪಡೆಯದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92ರವರೆಗೆ ಇತ್ತು. ಇಪ್ಪತ್ತು ಮಂದಿ ಕೆಲಸಗಾರರಿರುವ ಹೋಟೆಲಿನಲ್ಲಿ ಇಬ್ಬರ ಲೆಕ್ಕವಾಯಿತು. ಆ ಇಬ್ಬರೂ ನಮ್ಮೊಡನೆಯೇ ಲೋಟ ಎತ್ತುತ್ತ, ಬಿಲ್ಲು ಬರೆಯುತ್ತ ಇರುವವರೇ ಹೊರತು ಬೇರೆ ಲೋಕದವರಲ್ಲ.

ಊರಿಗೆ ಕಳುಹಿಸುವುದೇ ಚಿಕಿತ್ಸೆಯೇ?

ಪರವೂರಿನಲ್ಲಿರುವ ನಮ್ಮವರಲ್ಲಿ ಇಂಥ ಕಾಯಿಲೆಗೆ ಒಂದು ಸಿದ್ಧೌಷಧವುಂಟು. ಅದೇ ಊರಿನ ಟಿಕೇಟು. ಹುಡುಗನು ಮಾತು ಬಿಟ್ಟನೋ, ಒಬ್ಬನೇ ಗೊಣಗಿಕೊಳ್ಳತೊಡಗಿದನೋ, ನಾಲ್ಕು ಮಂದಿ ಸೇರಿ ಹಣ ಕೂಡಿಸಿ ಬಸ್ಸಿಗೆ ಹತ್ತಿಸಿಬಿಡುತ್ತಾರೆ. “ಊರಿನ ಗಾಳಿ ಸೋಕಿದರೆ ಸರಿಹೋಗುತ್ತಾನೆ” ಎಂಬ ಸಮಾಧಾನ ಬೇರೆ. ಊರಿನಲ್ಲಿ ಆಗುವುದೇನು? ಮೊದಲು ಮಂತ್ರವಾದಿ, ಆಮೇಲೆ ನೂಲು, ತಾಯಿತ. ಅದೂ ಫಲಿಸದಿದ್ದರೆ “ಮದುವೆ ಮಾಡಿದರೆ ಸರಿಹೋದೀತು” ಎಂಬ ಹಿರಿಯರ ತೀರ್ಮಾನ. ಹೀಗೆ ಒಂದು ವರ್ಷ ಕಳೆದುಹೋಗಿ, ಏನೂ ಅರಿಯದ ಹೆಣ್ಣುಮಗಳೊಬ್ಬಳ ಬಾಳೂ ಅದರಲ್ಲಿ ಸಿಕ್ಕಿಬೀಳುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ಮೊದಲ ತಿಂಗಳುಗಳು ಬಹು ಬೆಲೆಯುಳ್ಳವು. ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟವಾಗುತ್ತದೆಂಬುದು ವೈದ್ಯರೆಲ್ಲರೂ ಒಪ್ಪಿದ ಮಾತು.

ನಾವು ಹೋಟೆಲು ನಡೆಸುತ್ತಿದ್ದ ಕಾಲದ ಸಂಗತಿಯೊಂದನ್ನು ಇಲ್ಲಿ ಹೇಳಬಹುದು. ಕುಂದಾಪುರದ ಕಡೆಯ ಅಡಿಗೆಯವರೊಬ್ಬರು, ಮೂವತ್ತರ ಪ್ರಾಯದವರು, ಕ್ರಮೇಣ ಊಟ ಬಿಟ್ಟರು. ರಾತ್ರಿ ಮೂರು ಗಂಟೆಗೇ ಎದ್ದು ಹಿಟ್ಟಿನ ಪಾತ್ರೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು. ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಕೇಳಿದರೆ “ನನ್ನಿಂದ ಎಲ್ಲರಿಗೂ ಭಾರ” ಎನ್ನುವುದೊಂದೇ ಉತ್ತರ. ರೂಢಿಯಂತೆ ಜೊತೆಯವರು ಊರಿನ ಟಿಕೇಟಿಗೆ ಹಣ ಕೂಡಿಸಿದರು. ಆಗ ನಮ್ಮಲ್ಲಿದ್ದ ಹಿರಿಯ ಭಟ್ಟರು ಒಂದೇ ಒಂದು ಪ್ರಶ್ನೆ ಹಾಕಿದರು: “ಧನಿಗಳೇ, ಇವನ ಕೈಗೆ ಕಾದ ಎಣ್ಣೆ ಬಿದ್ದಿದ್ದರೆ ನಾವು ಊರಿಗೆ ಕಳುಹಿಸುತ್ತಿದ್ದೆವೋ, ಆಸ್ಪತ್ರೆಗೋ?” ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಮರುದಿನವೇ ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ ಕೇಸ್ ಪೇಪರು ಮಾಡಿಸಲಾಯಿತು.

ವೈದ್ಯರು ಮಂತ್ರ ಹಾಕಲಿಲ್ಲ, ಕಟ್ಟಿಹಾಕಲಿಲ್ಲ. ನಿದ್ರೆ ಹೇಗಿದೆ, ಹಸಿವು ಹೇಗಿದೆ, ಊರಿನಲ್ಲಿ ಸಾಲವೇನಾದರೂ ಇದೆಯೇ, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ಸಾವಧಾನವಾಗಿ ಕೇಳಿದರು. ಇದು ಖಿನ್ನತೆಯೆಂಬ ಕಾಯಿಲೆ, ಇದಕ್ಕೆ ಔಷಧವಿದೆ, ಆದರೆ ಫಲ ಕಾಣಲು ಕೆಲವು ವಾರ ಬೇಕು ಎಂದರು. ಮೂರನೆಯ ವಾರದಲ್ಲಿ ಅವರು ತಾವಾಗಿಯೇ ಎಲೆಯ ಮುಂದೆ ಕುಳಿತು ಎರಡನೆಯ ಸಲ ಅನ್ನ ಕೇಳಿದರು. ಅಷ್ಟರಲ್ಲಿ ಊರಿನಿಂದ ಪತ್ನಿಯನ್ನು ಕರೆಸಲಾಗಿತ್ತು. ಕಾಯಿಲೆಯ ಹೆಸರನ್ನು, ಗುಳಿಗೆಯ ವೇಳೆಯನ್ನು ಆಕೆಗೂ ವೈದ್ಯರೇ ವಿವರಿಸಿದರು. ಎರಡು ತಿಂಗಳ ಮೇಲೆ ಅವರು ಮತ್ತೆ ಒಲೆಯ ಮುಂದೆ ನಿಂತರು. ಊರಿಗೆ ಹೋದದ್ದೂ ಉಂಟು. ಆದರೆ ಆ ವರ್ಷದ ಹಬ್ಬಕ್ಕೆ, ರಜೆಯ ಮೇಲೆ.

ಮನೆಯವರು ಗುರುತಿಸತಕ್ಕ ಲಕ್ಷಣಗಳು

ಮನಸ್ಸಿನ ಕಾಯಿಲೆಯೆಂದರೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಓಡುವುದೆಂಬ ಕಲ್ಪನೆಯನ್ನು ನಾವು ಮೊದಲು ಬಿಡಬೇಕು. ಅದು ಬಹುಪಾಲು ಸದ್ದಿಲ್ಲದೆ ಬರುತ್ತದೆ. ಎರಡು ವಾರಗಳಿಗೂ ಮೀರಿ ಬೇಸರ ಬಿಡದಿರುವುದು, ಹಿಂದೆ ಹಿತವಾಗಿದ್ದುದರಲ್ಲಿ ರುಚಿ ಹೋಗುವುದು, ನಸುಕಿಗೆ ಮೊದಲೇ ಎಚ್ಚರವಾಗುವುದು, ಹಸಿವು ಕೆಡುವುದು, ತನ್ನನ್ನೇ ಹಳಿದುಕೊಳ್ಳುವುದು ಖಿನ್ನತೆಯ ಲಕ್ಷಣಗಳು. ಎದೆ ಡವಡವ ಹೊಡೆದುಕೊಂಡು, ಕೈ ಬೆವರಿ, ಈಗಲೇ ಪ್ರಾಣ ಹೋಗುತ್ತದೆಂಬ ಭಯ ಮತ್ತೆಮತ್ತೆ ಬರುತ್ತಿದ್ದು, ಹೃದಯ ಪರೀಕ್ಷೆಯಲ್ಲಿ ಏನೂ ದೋಷ ಕಾಣದಿದ್ದರೆ ಅದು ಆತಂಕದ ಕಾಯಿಲೆಯಾಗಿರಬಹುದು. ಕೆಲವು ದಿವಸಗಳ ಕಾಲ ನಿದ್ರೆಯ ಅಗತ್ಯವೇ ಇಲ್ಲದಂತೆ ಓಡಾಡುತ್ತ, ಎಡೆಬಿಡದೆ ಮಾತನಾಡುತ್ತ, ಕೈಯಲ್ಲಿಲ್ಲದ ಹಣವನ್ನು ಚೆಲ್ಲುತ್ತ, ಅನಂತರ ಪೂರಾ ಕುಸಿದುಬೀಳುವುದು ಇನ್ನೊಂದು ಬಗೆ. ಇಲ್ಲದ ಧ್ವನಿಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಪಿತೂರಿ ನಡೆಸುತ್ತಿದ್ದಾರೆಂಬ ಅಚಲ ಸಂದೇಹ, ಸ್ನಾನ ಊಟಗಳನ್ನು ಬಿಟ್ಟು ಮೂಲೆ ಹಿಡಿಯುವುದು ಸ್ಕಿಜೋಫ್ರೀನಿಯದಂಥ ಕಾಯಿಲೆಯ ಸೂಚನೆಗಳು. ಈ ಕೊನೆಯದು ಹೆಚ್ಚಾಗಿ ಹದಿನೆಂಟರಿಂದ ಮೂವತ್ತರ ಪ್ರಾಯದೊಳಗೆ ತಲೆದೋರುತ್ತದೆ. ನಮ್ಮ ಹುಡುಗರು ಊರು ಬಿಟ್ಟು ಪಟ್ಟಣಕ್ಕೆ ಬರುವುದೂ ಅದೇ ಪ್ರಾಯದಲ್ಲಿ ಎಂಬುದನ್ನು ಮರೆಯಬಾರದು.

ಬಾಣಂತಿಯರ ವಿಷಯ ಬೇರೆಯಾಗಿಯೇ ಹೇಳತಕ್ಕದ್ದು. ಊರಿನಲ್ಲಿ ತವರುಮನೆ, ಅಮ್ಮ, ಅಜ್ಜಿ, ಎಣ್ಣೆನೀರು, ನಾಲ್ಕು ಕೈಗಳ ಸಹಾಯವಿರುತ್ತದೆ. ಇಲ್ಲಿ ಒಂದೇ ಖೋಲಿಯಲ್ಲಿ, ಗಂಡನು ಬೆಳಗಿನ ಲೋಕಲ್ ರೈಲಿಗೆ ಹೋದ ಮೇಲೆ ರಾತ್ರಿಯವರೆಗೆ ಆಕೆ ಮಗುವಿನೊಡನೆ ಒಂಟಿ. ಹೆರಿಗೆಯಾದ ಮೊದಲ ಕೆಲವು ದಿವಸ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ದಾಟಿದರೆ, ಮಗುವಿನ ಮೇಲೆ ಆಸೆಯೇ ಹುಟ್ಟದಿದ್ದರೆ, ವಿಪರೀತವಾದ ಮಾತು, ಭಯ, ಸಂದೇಹ ತೋರಿದರೆ “ಸೋಮಾರಿತನ”, “ನಖರಾ” ಎಂದು ಜರೆಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಇದು ಗುಣವಾಗುವ ಕಾಯಿಲೆ.

ಮನೆಯವರ ಪಾತ್ರ

ಮನೋರೋಗಿಯ ಶುಶ್ರೂಷೆಯಲ್ಲಿ ಮನೆಯವರನ್ನು ಜೊತೆಗಾರರನ್ನಾಗಿ ಮಾಡಿಕೊಳ್ಳುವ ಪದ್ಧತಿಯಲ್ಲಿ ನಮ್ಮ ದೇಶವು ಬಹು ಹಿಂದೆಯೇ ದಾರಿ ತೋರಿಸಿತು. 1950ರ ದಶಕದಲ್ಲಿ ಅಮೃತಸರದ ಮನೋರೋಗಿಗಳ ಆಸ್ಪತ್ರೆಯಲ್ಲಿ ಸ್ಥಳ ಸಾಲದೆ ಹೋದಾಗ, ಡಾ. ವಿದ್ಯಾಸಾಗರ್ ಎಂಬ ವೈದ್ಯರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಬಂಧುಗಳನ್ನೂ ಇರಿಸಿಕೊಂಡರು. ತಾಯಿ, ತಮ್ಮ, ಹೆಂಡತಿ ಜೊತೆಯಲ್ಲಿದ್ದು ಊಟ ಬಡಿಸಿ, ಕಾಯಿಲೆಯ ವಿಷಯವನ್ನು ಕಲಿತು, ಬೇಗನೆ ಮನೆಗೆ ಕರೆದುಕೊಂಡು ಹೋಗಲು ಸಿದ್ಧರಾದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವು 1957ರಲ್ಲಿ ಆರಂಭವಾದಾಗ ಬಂಧುಗಳು ರೋಗಿಯ ಜೊತೆಗಿರುವುದನ್ನೇ ಪದ್ಧತಿಯನ್ನಾಗಿ ಮಾಡಿಕೊಂಡಿತು. ಪಾಶ್ಚಾತ್ಯ ದೇಶಗಳಲ್ಲಿ ರೋಗಿಯನ್ನು ಮನೆಯವರಿಂದ ದೂರವಿಡುವುದೇ ವಾಡಿಕೆಯಾಗಿದ್ದ ಕಾಲವದು.

1960ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸ್ಕಿಜೋಫ್ರೀನಿಯದ ಬಗ್ಗೆ ಒಂಬತ್ತು ದೇಶಗಳಲ್ಲಿ ಅಧ್ಯಯನವನ್ನು ಕೈಗೊಂಡಿತು. ಅದರಲ್ಲಿ ಒಂದು ಕೇಂದ್ರ, ದಿಲ್ಲಿಯವರು ಹೇಳಿ ನಗುವ ಅದೇ ಆಗ್ರಾ. ಕೆಲವು ವರ್ಷಗಳ ಬಳಿಕ ನೋಡಿದಾಗ ಆಗ್ರಾದ ರೋಗಿಗಳು ಹಲವು ಶ್ರೀಮಂತ ದೇಶಗಳ ರೋಗಿಗಳಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇಂದಿಗೂ ಇದೆ. ಕುಟುಂಬದ ಆಸರೆಯೂ ಒಂದು ಕಾರಣವೆಂಬುದು ಹಲವರ ಅಭಿಪ್ರಾಯ.

ಆದರೆ ಆಸರೆಯೆಂದರೆ ಯಾವುದು? ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರೂ ಅವರ ಸಂಗಡಿಗರೂ ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಗಮನಿಸಿ ಒಂದು ಸಂಗತಿಯನ್ನು ಕಂಡುಕೊಂಡರು. ಯಾವ ಮನೆಯಲ್ಲಿ ಎಡೆಬಿಡದ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಅತಿಯಾದ ಕಾಳಜಿ ಇದೆಯೋ ಅಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಕೊನೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಬೈಯುವುದು ಮಾತ್ರವಲ್ಲ, ಮೂವತ್ತು ವರ್ಷದ ಮಗನಿಗೆ ತುತ್ತು ಕಲಸಿ ತಿನ್ನಿಸುವುದು, ಒಂದು ನಿಮಿಷವೂ ಕಣ್ಣುಮರೆಯಾಗಲು ಬಿಡದಿರುವುದು, ಅವನ ಮುಂದೆಯೇ ಹಣೆಬರಹವನ್ನು ನೆನೆದು ಅಳುವುದು ಸಹ ಕೆಡುಕೇ. “ಧೈರ್ಯ ತಂದುಕೋ”, “ನಿನಗೇನು ಕಡಮೆಯಾಗಿದೆ?” ಎಂಬ ಉಪದೇಶದಿಂದ ಜ್ವರ ಇಳಿಯದಂತೆ ಖಿನ್ನತೆಯೂ ಇಳಿಯದು. ಕಡಮೆ ಮಾತು, ಶಾಂತವಾದ ಧ್ವನಿ, ಅವನಿಂದ ಆಗುವಷ್ಟು ಚಿಕ್ಕ ಕೆಲಸ, ಹೊತ್ತಿಗೆ ಊಟ, ಹೊತ್ತಿಗೆ ನಿದ್ರೆ. ಮನೆಯವರು ಕೊಡತಕ್ಕ ಮದ್ದು ಇಷ್ಟೇ.

ನೋಡಿಕೊಳ್ಳುವವರಿಗೂ ವಿಶ್ರಾಂತಿ ಬೇಕು. ಒಬ್ಬಳೇ ತಾಯಿಯ ಮೇಲೆ, ಒಬ್ಬಳೇ ಹೆಂಡತಿಯ ಮೇಲೆ ಹೊರೆಯನ್ನೆಲ್ಲ ಹಾಕಿದರೆ ಆಕೆಯೂ ಕುಗ್ಗುತ್ತಾಳೆ. ಮುಂಬಯಿಯಲ್ಲಾಗಲಿ ದಿಲ್ಲಿಯಲ್ಲಾಗಲಿ ಭಾವನೋ, ಚಿಕ್ಕಪ್ಪನೋ, ಪಕ್ಕದ ಖೋಲಿಯ ಅಕ್ಕನೋ ವಾರಕ್ಕೆ ಒಂದು ಮಧ್ಯಾಹ್ನ ಬಂದು ಕುಳಿತರೆ ಅದು ದೊಡ್ಡ ಉಪಕಾರ. ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಹಣ್ಣು ಹಿಡಿದು ಹೋಗುವ ನಾವು ಮನೋರೋಗದವರ ಮನೆಗೆ ಏಕೆ ಹೋಗುವುದಿಲ್ಲ?

ಹರಕೆಯೂ ಇರಲಿ, ಔಷಧವೂ ಇರಲಿ

ದೈವದೇವರುಗಳಿಗೆ ಹರಕೆ ಹೇಳಿಕೊಳ್ಳುವುದನ್ನು ನಾವು ಬೇಡವೆನ್ನುವುದಿಲ್ಲ. ಅದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಬರಲಿ. ಆದರೆ ಹರಕೆಯ ಹೆಸರಿನಲ್ಲಿ ಔಷಧವನ್ನು ನಿಲ್ಲಿಸುವುದು, ಹೊಡೆಯುವುದು, ಕಟ್ಟಿಹಾಕುವುದು ಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಅಸುನೀಗಿದರು. ಅವರನ್ನೂ ಅಲ್ಲಿಗೆ ಕರೆತಂದು ಬಿಟ್ಟವರು ಮನೆಯವರೇ, ಗುಣವಾಗಲೆಂಬ ಆಸೆಯಿಂದಲೇ. ಇಂದು ಸರಪಳಿ ಹಾಕುವುದನ್ನು ಕಾಯಿದೆಯೇ ನಿಷೇಧಿಸಿದೆ.

ಔಷಧದ ಬಗ್ಗೆ ಮೂರು ನಾಲ್ಕು ಮಾತುಗಳನ್ನು ನಮ್ಮ ಕೆಲಸಗಾರ ಬಂಧುಗಳು ನೆನಪಿನಲ್ಲಿಡಬೇಕು. ಖಿನ್ನತೆಯ ಔಷಧ ಎರಡರಿಂದ ನಾಲ್ಕು ವಾರಗಳಲ್ಲಿ ಫಲ ತೋರುತ್ತದೆ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. “ಸರಿಹೋಯಿತು” ಎಂದು ನಡುವೆ ಬಿಡುವುದೇ ಮರುಕಳಿಸಲು ದೊಡ್ಡ ಕಾರಣ. ಎಲ್ಲವೂ ಚಟ ಹಿಡಿಸುವ ಗುಳಿಗೆಗಳೆಂಬುದು ತಪ್ಪು ತಿಳಿವಳಿಕೆ. ಆದರೆ ಕೆಲವು ನಿದ್ರೆಯ ಗುಳಿಗೆಗಳು ಚಟವಾಗುವುದು ನಿಜ. ಆದುದರಿಂದ ಅಂಗಡಿಯಿಂದ ತಾವಾಗಿಯೇ ಕೊಂಡು ನುಂಗಬಾರದು. ಕೆಲವು ಔಷಧಗಳಿಂದ ಮಂಪರು ಬರುತ್ತದೆ. ಕಾದ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವನು, ರುಬ್ಬುವ ಯಂತ್ರದ ಬಳಿ ದುಡಿಯುವವನು ತನ್ನ ಪಾಳಿಯ ವೇಳೆಯನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಗುಳಿಗೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಡುತ್ತಾರೆ. ಲಿಥಿಯಂ ಎಂಬ ಔಷಧ ಸೇವಿಸುವವರಂತೂ ಅಡಿಗೆಮನೆಯ ಸೆಕೆಯಲ್ಲಿ ಬಹು ಜಾಗರೂಕರಾಗಿರಬೇಕು. ವಿಪರೀತ ಬೆವರಿ ದೇಹದಲ್ಲಿ ನೀರು, ಉಪ್ಪು ಕಡಮೆಯಾದರೆ ರಕ್ತದಲ್ಲಿ ಆ ಔಷಧದ ಅಂಶ ಏರಿ ಅಪಾಯವಾಗುತ್ತದೆ. ಧಾರಾಳವಾಗಿ ನೀರು ಕುಡಿಯಬೇಕು, ಉಪ್ಪನ್ನು ಒಮ್ಮೆಲೇ ಬಿಡಬಾರದು, ವಾಂತಿಭೇದಿ ಅಥವಾ ಕೈನಡುಕ ಹೆಚ್ಚಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು, ಹೇಳಿದ ಹೊತ್ತಿಗೆ ರಕ್ತಪರೀಕ್ಷೆ ಮಾಡಿಸಬೇಕು.

ಕುಡಿತವೂ ಇದೇ ಅಧ್ಯಾಯಕ್ಕೆ ಸೇರಿದುದು. ದುಃಖ ಮರೆಯಲು ಕುಡಿದವನ ದುಃಖ ಹೆಚ್ಚುತ್ತದೆಯೇ ಹೊರತು ಕಡಮೆಯಾಗದು. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಮಾಲೆ ಧರಿಸುವ ವೇಳೆಗೆಂದೋ, ಮಕ್ಕಳ ಮೇಲೆ ಆಣೆಯಿಟ್ಟೋ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿವಸಗಳಲ್ಲಿ ನಡುಕ, ನಿದ್ರಾಹೀನತೆ, ಸೆಳವು, ಬುದ್ಧಿಭ್ರಮಣೆ ಬಂದು ಪ್ರಾಣಕ್ಕೇ ಅಪಾಯವಾಗುವುದುಂಟು. ಬಿಡುವ ಸಂಕಲ್ಪ ಶ್ಲಾಘ್ಯವಾದುದೇ. ಅದನ್ನು ವೈದ್ಯರ ಸಹಾಯದಿಂದ ನೆರವೇರಿಸಿಕೊಳ್ಳುವುದು ಲೇಸು.

ಕಾಯಿದೆಯ ಬಲ, ಹೋಗತಕ್ಕ ಸ್ಥಳ

2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗಳಿಗೂ ಆರೋಗ್ಯ ವಿಮೆ ಒದಗಿಸಬೇಕೆಂದು ಅದರ 21ನೆಯ ಕಲಮು ವಿಧಿಸಿದೆ. 115ನೆಯ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮನೋಯಾತನೆಯಲ್ಲಿದ್ದರೆಂದೇ ಭಾವಿಸತಕ್ಕದ್ದು. ಬೇರೆಯಾಗಿ ಸಾಬೀತಾದ ಹೊರತು ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸತಕ್ಕದ್ದಲ್ಲ. ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಕಾಲ ಮುಗಿಯಿತೆಂದು ಎಲ್ಲರೂ ತಿಳಿಯಬೇಕು. ಇ.ಎಸ್.ಐ. ಸೌಲಭ್ಯವುಳ್ಳ ಕೆಲಸಗಾರರು ಅಲ್ಲಿಯೂ ಈ ಚಿಕಿತ್ಸೆಯನ್ನು ಕೇಳಿ ಪಡೆಯಬಹುದು.

ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್ಲಿನ ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಗಳಿವೆ. ಚೆನ್ನೈಯಲ್ಲಿ ಕಿಲ್ಪಾಕಿನ ಮಾನಸಿಕ ಆರೋಗ್ಯ ಸಂಸ್ಥೆ, ಹೈದರಾಬಾದಿನಲ್ಲಿ ಎರ್ರಗಡ್ಡದ ಆಸ್ಪತ್ರೆ, ದಿಲ್ಲಿಯಲ್ಲಿ ದಿಲ್ಶಾದ್ ಗಾರ್ಡನ್ನಿನ ಇಹ್ಬಾಸ್ ಸಂಸ್ಥೆ ಇವೆ. ಆಸ್ಪತ್ರೆಗೆ ಹೋಗಲು ಮನಸ್ಸಾಗದವರಿಗಾಗಿ 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆ ಮಾಡಿ, ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಂಡು ಮಾತನಾಡಬಹುದು. ಈ ಐದು ಅಂಕಿಗಳನ್ನು ಗಲ್ಲಾದ ಹಿಂದಿನ ಗೋಡೆಯ ಮೇಲೆ, ಕೆಲಸಗಾರರು ಮಲಗುವ ಕೋಣೆಯಲ್ಲಿ ಬರೆದು ಹಾಕಲು ಹೋಟೆಲು ಮಾಲಿಕರಿಗೆ ಒಂದು ಕಾಸಿನ ಖರ್ಚೂ ಇಲ್ಲ.

ಓದುವ ಅಭಿರುಚಿಯುಳ್ಳವರಿಗೆ ಕನ್ನಡದಲ್ಲಿ ಈ ವಿಷಯದ ಸಾಹಿತ್ಯಕ್ಕೇನೂ ಕೊರತೆಯಿಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು ಹೊರಡಿಸಿ ನಾಡನ್ನೇ ನಗಿಸಿದ ಡಾ. ಎಂ. ಶಿವರಾಂ (ರಾಶಿ) ಅವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ಕ್ಕೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ತಿಳಿಯಾದ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ನಮ್ಮ ಸಂಘಗಳ ವಾಚನಾಲಯಗಳಲ್ಲಿ ಇಂಥ ಪುಸ್ತಕಗಳಿಗೆ ಒಂದು ಕಪಾಟು ಇರಲಿ.

ವಾಚಕ ಬಂಧುಗಳೇ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೀವು ಊರಿಗೆ ಫೋನು ಮಾಡುತ್ತೀರಿ. “ಊಟವಾಯಿತೇ? ಮಳೆ ಬಂತೇ? ಅಮ್ಮನ ಕಾಲುನೋವು ಹೇಗಿದೆ?” ಎಂದು ಕೇಳುತ್ತೀರಿ. ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಲಿ: “ಮನಸ್ಸು ಹೇಗಿದೆ? ನಿದ್ರೆ ಬರುತ್ತಿದೆಯೇ?” ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ, ನಡುವೆ ಬಾಯಿ ಹಾಕಬೇಡಿರಿ. ಜೊತೆಗಾರನು ಬದುಕು ಸಾಕೆಂಬಂತೆ ಮಾತನಾಡಿದರೆ “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿಯೇ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ, ಅಪಾಯಕರ ವಸ್ತುಗಳನ್ನು ಕೈಗೆಟುಕದಂತೆ ಇರಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಗುಣವಾಗಿ ಮರಳಿದವನಿಗೆ ಅವನ ಹಳೆಯ ಕೆಲಸವನ್ನೂ ಪಂಕ್ತಿಯಲ್ಲಿ ಅವನ ಹಳೆಯ ಸ್ಥಾನವನ್ನೂ ಕೊಡಿರಿ. ಗುಳಿಗೆಯ ಡಬ್ಬಿ ಟ್ರಂಕಿನಿಂದ ಹೊರಬಂದು ಕಾಫಿಪುಡಿಯ ಪಕ್ಕದಲ್ಲಿ ನಿಲ್ಲಲಿ.